ಶೆಡ್ಡಿನ ಹೊರಗೋಡೆಯ ಗೂಟಗಳು

೧೯೬೧ರ ಬೇಸಿಗೆಯಲ್ಲಿ ಅಣ್ಣ ಹುಬ್ಬಳ್ಳಿಯಿಂದ ಒಂದು ಹಳೆಯ ಕಾರು ತಂದ. ಅದೇ ಮಧ್ಯಾಹ್ನ, ನಾವು ಆಯಿ ಎಂದು ಕರೆಯುವ ತಾಯಿಯ ಹಿತ್ತಲ ಸಾಮಾನುಗಳೆಲ್ಲ ಗಾಡಿ ಕೊಟ್ಟಿಗೆಯಿಂದ ಹೊರಗೆ ಬಂದವು.

ಕುಮಟೆಯಿಂದ ಹೊನ್ನಾವರಕ್ಕೆ ಹೋಗುವ ರಸ್ತೆಯ ಬದಿಗೆ ನಮ್ಮ ಮನೆ. ಮನೆಗೆ ತಾಗಿಕೊಂಡು ಕೆಂಪುಕಲ್ಲಿನ ಕೊಟ್ಟಿಗೆ. ಅಪ್ಪ ಇದ್ದಾಗ ಅಲ್ಲಿ ಎತ್ತಿನ ಗಾಡಿ ನಿಲ್ಲುತ್ತಿತ್ತು. ಅವನು ತೀರಿಕೊಂಡ ಮೇಲೆ ಗಾಡಿ ಹೋಯಿತು, ಜಾಗ ಆಯಿಯದಾಯಿತು. ಗುದ್ದಲಿ, ಪಿಕಾಸಿ, ಹಾರೆ, ಗಿಡ ಸವರುವ ಕತ್ತಿ, ಮಣ್ಣು ಹೊರುವ ಬುಟ್ಟಿ, ಸಸಿಗೆ ನೀರು ಹನಿಸುವ ತಗಡಿನ ಝಾರಿ, ಇವೆಲ್ಲ ಅಲ್ಲಿದ್ದವು. ಒಳಗೆ ಕಾಲಿಟ್ಟರೆ ಒಣಮಣ್ಣಿನ ವಾಸನೆ, ಅದರ ಜೊತೆಗೆ ಹೊನ್ನೆ ಎಣ್ಣೆಯದು. ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲೆಂದು ಆಯಿ ಆ ಎಣ್ಣೆಯನ್ನು ಬಟ್ಟೆಯ ಚೂರಿನಿಂದ ಸವರುತ್ತಿದ್ದಳು. ಕಡಲು ಅಷ್ಟು ಹತ್ತಿರವಿದ್ದ ಮನೆಯಲ್ಲಿ ಸವರದ ಕಬ್ಬಿಣ ಬಹಳ ಕಾಲ ಉಳಿಯುತ್ತಿರಲಿಲ್ಲ.

ಅಣ್ಣನ ಯೋಜನೆ ಸರಳವಾಗಿತ್ತು. ಆಗ ಹೊನ್ನಾವರದಲ್ಲಿ ಶರಾವತಿಯನ್ನು ಲಾಂಚಿನಲ್ಲಿ ದಾಟಬೇಕಿತ್ತು. ಭಟ್ಕಳದ ಕಡೆಗೆ ಹೋಗುವವರನ್ನು ಕುಮಟೆಯಿಂದ ಲಾಂಚಿನ ಧಕ್ಕೆಯವರೆಗೆ ಕಾರಿನಲ್ಲಿ ಬಿಡುವುದು, ಆಚೆಯಿಂದ ಬಂದವರನ್ನು ಕರೆತರುವುದು. ಅವನಿಗೆ ಬೇರೆ ದುಡಿಮೆ ಇರಲಿಲ್ಲ. ಕಾರು ಮಳೆಯಲ್ಲಿ ನಿಲ್ಲುವಂತಿರಲಿಲ್ಲ. ಹೀಗೆ ಕೊಟ್ಟಿಗೆ ಒಂದೇ ದಿನದಲ್ಲಿ ‘ಶೆಡ್’ ಆಯಿತು.

“ಒಂದು ಮೂಲೆ ಬಿಡ್ಬಹುದಿತ್ತು ಆಯಿ. ಆದ್ರೆ ಗುದ್ದಲಿ ತಾಗಿ ಬಣ್ಣ ಹೋದ್ರೆ ಎಂತ ಮಾಡೂದು?” ಎಂದ ಅಣ್ಣ.

“ಬಣ್ಣ ಎಲ್ಲಿದ್ದು ಮಾಣಿ? ನಂಗೆ ಕಂಡಿದ್ದು ತುಕ್ಕೊಂದೇಯ” ಎಂದಳು ಆಯಿ.

ಅಣ್ಣ ನಕ್ಕ, ಆದರೆ ಮೂಲೆ ಬಿಡಲಿಲ್ಲ. ಶೆಡ್ಡಿನ ಮೂಡಣ ಗೋಡೆಯ ಹೊರಗೆ, ಕಲ್ಲಿನ ಸಂದಿಗಳಲ್ಲಿ ಮರದ ಗೂಟಗಳನ್ನು ಬಡಿದು ಸಾಮಾನುಗಳನ್ನು ತೂಗುಹಾಕಿದ. ಮಳೆ ಕಡಲ ಕಡೆಯಿಂದ ಬರುವುದರಿಂದ ಮೂಡಣ ಗೋಡೆಯೇ ಸರಿ ಎನ್ನುವುದು ಅವನ ಲೆಕ್ಕ. ಆ ಗೋಡೆಯ ಮೇಲೆ ಹಂಚಿನ ಮಾಡು ಗೇಣಿಗಿಂತ ಹೆಚ್ಚು ಚಾಚಿರಲಿಲ್ಲ. “ಮಳೆಗೆ ಮೊದಲು ಗೋಡೆಗೆ ಒರಗಿಸಿ ಸಣ್ಣ ಮಾಡೊಂದು ಇಳಿಸ್ತೆ” ಎಂದು ಮಾತು ಕೊಟ್ಟ. ಮಳೆ ಬಂತು, ಮಾಡು ಬರಲಿಲ್ಲ.

ಸಾಮಾನುಗಳು ಹೊರಗೆ ಬಂದದ್ದರಿಂದ ಅನುಕೂಲವಾದದ್ದು ನೆರೆಮನೆಗೆ. ಪಕ್ಕದ ಹಿತ್ತಲಲ್ಲಿ ತರಕಾರಿ ಬೆಳೆದು ಕುಮಟೆಯ ಸಂತೆಗೆ ಹೊತ್ತು ಮಾರುವ ಗಂಡಹೆಂಡತಿ ಇದ್ದರು. ಕಬ್ಬಿಣವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಕೊಡುವವರು ನೆಲಕ್ಕಿಡಬೇಕು, ಬೇಕಾದವರು ನೆಲದಿಂದ ಎತ್ತಿಕೊಳ್ಳಬೇಕು. ಈಗ ಆ ಉಪಚಾರವೂ ಬೇಡವಾಯಿತು. ಬೇಕಾದ್ದನ್ನು ಗೂಟದಿಂದ ತೆಗೆದುಕೊಂಡು ಹೋಗುವುದು, ಸಂಜೆಗೆ ತಂದು ಹಾಕುವುದು. ಆಯಿ ಒಂದೇ ಕಟ್ಟಳೆ ಹಾಕಿದಳು: ಗೂಟ ಖಾಲಿ ಬಿಡಬಾರದು. ತೆಗೆದುಕೊಂಡವರು ತಮ್ಮದೊಂದು ವಸ್ತುವನ್ನು ಆ ಗೂಟಕ್ಕೆ ಹಾಕಿ ಹೋಗಬೇಕು. ನೆರೆಮನೆಯಾತ ಅಡಿಕೆ ಹಾಳೆಯ ಟೊಪ್ಪಿ ಹಾಕುತ್ತಿದ್ದ. ಅವನ ಹೆಂಡತಿ, ಬುಟ್ಟಿ ಹೊರುವಾಗ ತಲೆಯ ಮೇಲಿಡುವ ಬಟ್ಟೆಯ ಸಿಂಬೆ. ಜಗುಲಿಯಿಂದ ನೋಡಿದರೇ ಯಾವ ಸಾಮಾನು ಯಾರ ಹತ್ತಿರ ಇದೆಯೆಂದು ತಿಳಿಯುತ್ತಿತ್ತು.

“ಟೊಪ್ಪಿ ಇಟ್ಟು ಪಿಕಾಸಿ ಒಯ್ದದ್ದು. ನಾಳೆ ಮುಂಡು ಇಟ್ಟು ಕಾರು ಒಯ್ದರೆ ಎಂತ ಮಾಡ್ತ್ರಿ?” ಎಂದು ಅಣ್ಣನನ್ನು ಕೆಣಕುತ್ತಿದ್ದಳು ಅತ್ತಿಗೆ.

ಆಷಾಢಕ್ಕೆ ನಷ್ಟ ಕಾಣಿಸಿಕೊಂಡಿತು. ನೆಲದಿಂದ ಸಿಡಿದ ನೀರಿಗೆ ಝಾರಿಯ ತಳ ಹೋಯಿತು. ಬುಟ್ಟಿ ಕೊಳೆಯಿತು. ಗುದ್ದಲಿಯ ಮರದ ಹಿಡಿಗೆ, ಅದರ ಕಾವಿಗೆ, ಹುಳ ಬಿತ್ತು. ಉಳಿದದ್ದನ್ನು ಸಂತೆಯಲ್ಲಿ ಕೊಳ್ಳಬಹುದಿತ್ತು. ಗುದ್ದಲಿಯ ಮಾತು ಬೇರೆ. ಭಟ್ಕಳದ ತವರಿನಿಂದ ಮದುವೆಯಾಗಿ ಬರುವಾಗ ಅವಳು ಒಂದು ಮಲ್ಲಿಗೆ ಬಳ್ಳಿಯನ್ನೂ ಆ ಗುದ್ದಲಿಯನ್ನೂ ತಂದಿದ್ದಳು. ಅವಳ ಎತ್ತರಕ್ಕೆ, ಅವಳ ಹಿಡಿತಕ್ಕೆ ಅವಳ ಅಪ್ಪ ಮಾಡಿಸಿಕೊಟ್ಟದ್ದು. ಅಂಗಡಿಯ ಗುದ್ದಲಿ ಹಿಡಿದರೆ ಅವಳ ಬಲಗೈ ರಟ್ಟೆ ನೋಯುತ್ತಿತ್ತು. ಇದು ಹೋದರೆ ಹಿತ್ತಲೂ ಹೋದಂತೆ ಎಂದು ಅವಳು ಸ್ಪಷ್ಟವಾಗಿಯೇ ಹೇಳಿದಳು. ಬಸಳೆ ಚಪ್ಪರ, ಬದನೆ, ಹರಿವೆ ಮಡಿಗಳನ್ನು ಬಿಟ್ಟರೆ ಅವಳಿಗೆ ಆ ಮನೆಯಲ್ಲಿ ತನ್ನದು ಅನ್ನುವ ಕೆಲಸ ಉಳಿದಿರಲಿಲ್ಲ. ಅಡುಗೆಮನೆ ಆಗಲೇ ಅತ್ತಿಗೆಯದಾಗಿತ್ತು.

ನೆರೆಮನೆಯಾತ ಬೈನೆ ಮರದ ಹೊಸ ಕಾವು ಹಾಕಿಕೊಟ್ಟ. ಆಯಿ ಗುದ್ದಲಿಯನ್ನು ಒಯ್ದು ಅಡುಗೆಮನೆಯ ಅಕ್ಕಿ ಪೆಟ್ಟಿಗೆಯ ಹಿಂದೆ ನಿಲ್ಲಿಸಿದಳು.

“ಅತ್ತೆ, ಒಲೆ ಅಗೆಯೂದು ಇದ್ದಾ?” ಎಂದಳು ಅತ್ತಿಗೆ.

“ನಿನ್ನ ಗಂಡನ ತಲೆ ಅಗೆಯೂದು ಇದ್ದು.”

ಗುದ್ದಲಿ ಮತ್ತೆ ಗೂಟಕ್ಕೆ ಹೋಯಿತು. ತೆಂಗಿನ ಮಡಲು ಹೆಣೆದು ಮರೆ ಕಟ್ಟಿ ಆ ವರ್ಷದ ಮಳೆಯನ್ನು ಕಳೆದೆವು.

ಮರುವರ್ಷ, ೧೯೬೨ರ ನವರಾತ್ರಿಯಲ್ಲಿ, ಆಯಿ ಒಂದು ಉಪಾಯ ಮಾಡಿದಳು. ನಾನು ಆಗ ಕುಮಟೆಯ ಶಾಲೆಯೊಂದರಲ್ಲಿ ಮಾಸ್ತರ; ರಜೆಯಿದ್ದ ಕಾರಣ ಮನೆಯಲ್ಲಿದ್ದೆ. ನವಮಿಯ ದಿನ ಆಯುಧಪೂಜೆ. ಹಿಂದಿನ ವರ್ಷ ಹಿತ್ತಲ ಸಾಮಾನುಗಳಿಗೆ ಜಗುಲಿಯಲ್ಲಿ, ಕಾರಿಗೆ ಶೆಡ್ಡಿನಲ್ಲಿ ಪೂಜೆಯಾಗಿತ್ತು. ಈ ಸಲ ಆಯಿ ಬೆಳಿಗ್ಗೆಯೇ ಸಾಮಾನುಗಳನ್ನು ಬಾವಿಯ ಹತ್ತಿರ ತಿಕ್ಕಿ ತೊಳೆದು, ಎಣ್ಣೆ ಸವರಿ, ನನ್ನ ಕೈಯಲ್ಲಿ ಶೆಡ್ಡಿನೊಳಗೆ ಹೊರಿಸಿದಳು. ಕಾರಿನ ಮುಂದಿನ ಚಕ್ರಗಳ ಎದುರಿಗೆ ಮಣೆ ಹಾಕಿ ಸಾಲಾಗಿ ಇಡಿಸಿದಳು.

“ಕಬ್ಬಿಣ ಎಲ್ಲ ಒಂದೇ ಜಾತಿ. ಪೂಜೆಗೆ ಬೇರೆ ಪಂಕ್ತಿ ಎಂತಕ್ಕೆ?” ಎಂದು ಅಣ್ಣನಿಗೆ ಕೇಳುವಂತೆ ಹೇಳಿದಳು. ನನಗೆ ಮಾತ್ರ ಕೇಳುವಂತೆ ಹೇಳಿದ್ದು ಬೇರೆ: “ಒಂದ್ಸಲ ಒಳಗೆ ಹೋಗ್ಲಿ ತಮಾ. ಪೂಜೆ ಆದ್ದನ್ನ ಹೊರಗೆ ಹಾಕಂವ ಯಾರು, ನೋಡ್ತೆ.”

ನಮ್ಮಲ್ಲಿ ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯ ಬೆಳಿಗ್ಗೆ ಅಕ್ಷತೆ ಹಾಕಿ ಕದಲಿಸುವವರೆಗೆ ಯಾರೂ ಮುಟ್ಟುವುದಿಲ್ಲ. ಕಾರಿಗೂ ಅದೇ ನಿಯಮ. ಆಮೇಲೂ ಅವು ಶೆಡ್ಡಿನೊಳಗೇ ಉಳಿಯುತ್ತವೆ ಎನ್ನುವುದು ಆಯಿಯ ಎಣಿಕೆ. ಅಣ್ಣನಿಗೆ ಅರ್ಥವಾಗಿತ್ತು. ಹಬ್ಬದ ದಿನ ವಾದ ಬೇಡವೆಂದು ಕಾರಿಗೆ ಮಾಲೆ ಕಟ್ಟತೊಡಗಿದ. ಗೊಂಡೆ ಹೂವಿನ ಮಾಲೆ, ಅರಿಶಿನ ಕುಂಕುಮ, ಸೌತೆಕಾಯಿ, ದೀಪ. ಪೆಟ್ರೋಲಿನ ವಾಸನೆಯ ಶೆಡ್ಡಿನಲ್ಲಿ ಆ ದಿನ ಹೊನ್ನೆ ಎಣ್ಣೆಯದೂ ಸೇರಿತು.

ಊಟವಾಗಿ ಎಲೆ ತೆಗೆಯುವ ಹೊತ್ತಿಗೆ ನೆರೆಮನೆಯಾಕೆ ಅಂಗಳಕ್ಕೆ ಓಡಿಬಂದಳು. ಮೊದಲ ಹೆರಿಗೆಗೆ ಅವಳ ಮಗಳು ತವರಿಗೆ ಬಂದಿದ್ದಳು.

“ಅಮ್ಮಾ, ಮಗ್ಳಿಗೆ ಬೆಳಗಿಂದ ನೋವು. ಮಗು ಅಡ್ಡ ಅದೆ, ನನ್ನ ಕೈಲಿ ಆಗೂದಿಲ್ಲ ಅಂತು ಸೂಲಗಿತ್ತಿ. ಕುಮಟೆಗೆ ಒಯ್ಯಬೇಕು. ಎತ್ತಿನಗಾಡಿಲಿ ಒಯ್ದ್ರೆ ಉಳೂದಿಲ್ಲ.”

ಅಣ್ಣ ಶೆಡ್ಡಿನ ಬಾಗಿಲಿಗೆ ಹೋಗಿ ನಿಂತ. ಕಾರಿನ ಎದುರಿಗೆ ಸಾಮಾನುಗಳ ಸಾಲು, ಅದರ ಮುಂದೆ ಉರಿಯುವ ದೀಪ. ಅವನು ಒಳಗೆ ಕಾಲಿಡಲಿಲ್ಲ. ಅವನ ಅಂಜಿಕೆ ಸುಳ್ಳಾಗಿರಲಿಲ್ಲ. ಅನ್ನ ಕೊಡುವ ಗಾಡಿಯನ್ನು ಪೂಜೆಯ ನಡುವೆ ಎಬ್ಬಿಸಿ ಕೆಟ್ಟವರ ಕತೆಗಳನ್ನು ಕೇಳಿಯೇ ನಾವೆಲ್ಲ ಬೆಳೆದದ್ದು.

“ಪೂಜೆ ಕದಲಿಸದೆ ಹೆಂಗೆ ತೆಗೆಯೂದು?” ಎಂದ.

ಆಯಿ ಕೈ ತೊಳೆದು ಬಂದಳು. ತಟ್ಟೆಯಲ್ಲಿದ್ದ ಅಕ್ಷತೆಯನ್ನು ತೆಗೆದು ಕಾರಿನ ಮೇಲೆ ಹಾಕಿದಳು, ಸಾಮಾನುಗಳ ಮೇಲೆ ಹಾಕಿದಳು. ಬಗ್ಗಿ ಮೊದಲು ಗುದ್ದಲಿಯನ್ನೇ ಎತ್ತಿದಳು. ಅದನ್ನು ಹೊರಗೆ ಒಯ್ದು ಗೂಟಕ್ಕೆ ಹಾಕಿ ಬಂದಳು. ಆಮೇಲೆ ಕತ್ತಿ. ಉಳಿದದ್ದನ್ನು ನಾನೂ ಅತ್ತಿಗೆಯೂ ಒಯ್ದೆವು.

“ಆತು. ಪೂಜೆ ಆತು. ಗಾಡಿ ತೆಗಿ” ಎಂದಳು.

ಕಾರು ಹೂಮಾಲೆಯೊಂದಿಗೇ ನೆರೆಮನೆಯ ಬೇಲಿಯ ದಣಪೆಯವರೆಗೆ ಹೋಯಿತು. ಮಗಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ತಾಯಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ತಂದೆ ಮುಂದೆ ಕೂತ. ಕಾರು ತಿರುವಿನಲ್ಲಿ ಮರೆಯಾದ ಮೇಲೂ ಆಯಿ ರಸ್ತೆಯಲ್ಲಿ ನಿಂತಿದ್ದಳು.

ಸಂಜೆ ಹಸ್ತಾ ಮಳೆ ಹೊಡೆಯಿತು. ಮಳೆಗಾಲ ಮುಗಿಯಿತೆಂದು, ಆ ವರ್ಷವೂ ಕಟ್ಟಿದ್ದ ಮಡಲಿನ ಮರೆಯನ್ನು ಆಗಲೇ ಬಿಚ್ಚಿದ್ದೆವು. ದೀಪ ಹಚ್ಚುವ ಹೊತ್ತಿಗೆ ಅಣ್ಣ ಒಬ್ಬನೇ ವಾಪಸು ಬಂದ.

“ಎಂತ ಆತು?” ಎಂದು ಆಯಿ ಜಗುಲಿಯಿಂದಲೇ ಕೂಗಿದಳು.

“ಹೆಣ್ಣು ಕೂಸು. ಇಬ್ರೂ ಆರಾಮ.”

ಕಾರನ್ನು ಒಳಗೆ ತೆಗೆದುಕೊಳ್ಳುವ ಮೊದಲು ಅದರ ದೀಪದ ಬೆಳಕು ಮೂಡಣ ಗೋಡೆಯ ಮೇಲೆ ಬಿತ್ತು. ಗುದ್ದಲಿಯ ಕುಂಕುಮ ಕರಗಿ ಸುಣ್ಣ ಬಳಿದ ಗೋಡೆಯ ಮೇಲೆ ಉದ್ದಕ್ಕೆ ಇಳಿದಿತ್ತು. ಅಣ್ಣ ಎಂಜಿನ್ ನಿಲ್ಲಿಸಿ, ಮಳೆಯಲ್ಲೇ ಇಳಿದು, ಗುದ್ದಲಿಯನ್ನು ತೆಗೆದು ಜಗುಲಿಗೆ ತಂದ. ಹೆಗಲ ಮೇಲಿನ ಟವೆಲಿನಿಂದ ಒರೆಸಿ ನೆಲದ ಮೇಲಿಟ್ಟ. ಆಯಿ ನೆಲದಿಂದ ಎತ್ತಿಕೊಂಡಳು.

ಮರುದಿನ ವಿಜಯದಶಮಿ. ಅಣ್ಣ ಬಾಡಿಗೆಗೆ ಹೋಗಲಿಲ್ಲ. ಬಿದಿರು ಕಡಿದು, ಗೋಡೆಗೆ ಒರಗಿಸಿ ಮಾಡಿನ ಚೌಕಟ್ಟು ಕಟ್ಟಿದ. ಮನೆಯಲ್ಲಿ ಹಂಚು ಮಿಕ್ಕಿರಲಿಲ್ಲ. ಶೆಡ್ಡಿನ ಬಾಗಿಲ ಮೇಲೆ ಮುಂದಕ್ಕೆ ಚಾಚಿದ್ದ ಮಾಡಿನ ಹಂಚುಗಳನ್ನೇ ಇಳಿಸಿ ಇದಕ್ಕೆ ಹೊದೆಸಿದ. ಆಮೇಲಿನ ಮಳೆಗಾಲಗಳಲ್ಲಿ ಕಾರಿನ ಮೂತಿ ಒದ್ದೆಯಾಗುತ್ತಿತ್ತು.

“ಇನ್ನು ಮಡಲು ಕಟ್ಟೂದು ಕಾರಿಗೆ” ಎಂದಳು ಅತ್ತಿಗೆ. ಕಟ್ಟಿದ್ದೂ ಹಾಗೆಯೇ.

೧೯೬೭ರಲ್ಲಿ ಅಣ್ಣ ಕಾರನ್ನು ಕುಮಟೆಯವರೊಬ್ಬರಿಗೆ ಮಾರಿ, ಬಸ್ಸಿನ ಚಾಲಕನಾಗಿ ಕೆಲಸಕ್ಕೆ ಸೇರಿದ. ಶೆಡ್ಡು ಖಾಲಿಯಾಯಿತು. “ಈಗ ಒಳಗೆ ತಗಂಡು ಬಾ ಆಯಿ, ಪೂರ್ತಿ ನಿಂದೇಯ” ಎಂದು ಅವನೇ ಹೇಳಿದ.

“ಬ್ಯಾಡ. ಒಳಗಿಟ್ರೆ ಎಲ್ಲರೂ ಕೇಳ್ಕಂಡು ಬರಕು, ಆನು ಎದ್ದು ಬಾಗ್ಲು ತೆಗೆಯಕು. ಅಲ್ಲೇ ಇರ್ಲಿ” ಎಂದಳು ಆಯಿ.

ಶೆಡ್ಡಿನಲ್ಲಿ ಸೌದೆ ತುಂಬಿದರು. ಆಯಿ ತೀರಿಕೊಂಡ ಮೇಲೆ ಹಿತ್ತಲನ್ನು ಅತ್ತಿಗೆ ನೋಡಿಕೊಂಡಳು. ನೆರೆಮನೆಯಲ್ಲಿ ಈಗ ಇರುವವಳು ಆ ನವಮಿಯಂದು ಹುಟ್ಟಿದ ಕೂಸು. ಅಜ್ಜಿಯ ಹಿತ್ತಲು ಅವಳ ಪಾಲಿಗೆ ಬಂದಿದೆ. ಕಳೆದ ಮಳೆಗಾಲಕ್ಕೆ ಮೊದಲು ನಾನು ಊರಿಗೆ ಹೋದಾಗ ಮೂಡಣ ಗೋಡೆಯ ಮಾಡು ಇತ್ತು. ಹಂಚು ಬದಲಾಗಿತ್ತು, ಗೂಟಗಳು ಅವೇ. ಗುದ್ದಲಿ ಅದರ ಗೂಟದಲ್ಲಿ ಇರಲಿಲ್ಲ. ಅಲ್ಲಿ ಒಂದು ಸಿಂಬೆ ತೂಗುತ್ತಿತ್ತು.