ಹಾಡಿಸದೆ ಕೊಟ್ಟ ಚರಪು

ಎಂಬತ್ತರ ದಶಕದ ಜಯನಗರದಲ್ಲಿ ನಮ್ಮ ಬೀದಿಯ ಆಂಟಿಯರ ಕರುಣೆಯಷ್ಟು ತಲೆನೋವಿನ ವಸ್ತು ಇನ್ನೊಂದಿರಲಿಲ್ಲ. ಎದುರುಮನೆಯ ಟೀಚರ್, ಅನಾಥಾಲಯದಿಂದ ನನ್ನ ವಯಸ್ಸಿನ ಹುಡುಗಿಯೊಬ್ಬಳನ್ನು ಸಾಕಲು ಕರೆತಂದಿದ್ದರು. ಆ ದಸರಾದಲ್ಲಿ ಗೊಂಬೆ ನೋಡಲು ಅವಳನ್ನು ಮನೆಮನೆಗೆ ಕರೆದುಕೊಂಡು ಹೋದೆ. ನಿಯಮ ಸರಳ: ಗೊಂಬೆಗಳ ಮುಂದೆ ಕೂತು ಒಂದು ಹಾಡು ಹೇಳಬೇಕು, ಆಮೇಲೆ ಚರಪು, ಅಂದರೆ ತಿಂಡಿ, ಕೈಗೆ ಬೀಳುತ್ತದೆ. ಅವಳು ವಾರವಿಡೀ ಕೂತು ಒಂದು ದೇವರನಾಮ ಕಲಿತಿದ್ದಳು.

ಹಾಡಲು ಬಿಟ್ಟರೆ ತಾನೇ?

"ಅಯ್ಯೋ ಪಾಪ, ನೀನೇನೂ ಹಾಡ್ಬೇಡ ಪುಟ್ಟಿ, ತಗೋ," ಎಂದು ಮೊದಲ ಮನೆಯಲ್ಲಿ ಕೈತುಂಬ ಕೊಬ್ಬರಿ ಮಿಠಾಯಿ. ಮುಂದಿನ ಮನೆಯಲ್ಲಿ ಚಕ್ಕುಲಿಯ ಜೊತೆ ಮಗಳ ಹಳೇ ಫ್ರಾಕು. ನನಗೆ ಮಾತ್ರ ಎಲ್ಲ ಕಡೆ, "ನೀನ್ ಹಾಡಮ್ಮ, ಸುಮ್ನೆ ಕೊಡಲ್ಲ!" ಹಾಡಿ ಹಾಡಿ ನನ್ನ ಗಂಟಲು ಕಟ್ಟಿತು. ಅವಳ ಡಬ್ಬಿ ತುಂಬಿತು, ಮುಖ ಸಣ್ಣಗಾಯಿತು.

ಕೊನೆಗೆ ನಮ್ಮ ಮನೆ. ನನ್ನಮ್ಮನೂ ಅದನ್ನೇ ಶುರುಮಾಡಿದರು: "ಪಾಪ, ತಗೋ ಮಗು."

ಹುಡುಗಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. "ಹಾಡಿದ್ಮೇಲೇ ಕೊಡಿ ಆಂಟಿ. ನಂಗೂ ಬರುತ್ತೆ."

ಅಮ್ಮ ತಟ್ಟೆ ಕೆಳಗಿಟ್ಟು ಕೂತರು. ಅವಳು ಕಣ್ಣು ಮುಚ್ಚಿ ಹಾಡಿದಳು. ಬೀದಿಯ ಯಾವ ಮಗುವನ್ನೂ ತಿದ್ದದೆ ಬಿಡದ ಅಮ್ಮನಿಗೆ ತಡೆಯಲಾಗಲಿಲ್ಲ. "ಏಯ್, ಪಲ್ಲವೀಲೇ ಶ್ರುತಿ ಬಿಟ್ಯಲ್ಲೇ! ಇನ್ನೊಂದ್ಸಲ ಹೇಳು. ಸರಿಯಾಗಿ ಹೇಳೋವರ್ಗೂ ಚರಪೂ ಇಲ್ಲ, ಗಿರಪೂ ಇಲ್ಲ."

ನನಗೆ ಹಸಿವು, ಸಿಟ್ಟು. ಅವಳು ಮಾತ್ರ ಹಲ್ಲು ಬಿಡುತ್ತಾ ಮೊದಲಿನಿಂದ ಶುರುಮಾಡಿದಳು. ಎರಡನೇ ಸಲವೂ ಶ್ರುತಿ ತಪ್ಪಿತು.