ಮಾಂಡವಿ ತೆಗೆಯದ ಬಾಗಿಲು

ಶಾಲೆಯ ಅಕ್ಕೋರು ಸೂಗಮ್ಮ ಕಾದಂಬರಿ ಬರೆಯುತ್ತಾಳೆಂಬುದು ಮಸ್ಕಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ತಾನೆ ಏನು, ನಾಲ್ಕು ದಿನ ನಗುತ್ತಿದ್ದರು, ಅಷ್ಟೇ. ಕನ್ನಡ ಶಾಲೆಯ ಅರವತ್ತು ಮಕ್ಕಳು, ಎರಡು ಹೊತ್ತಿನ ರೊಟ್ಟಿ, ಮೊಣಕಾಲು ನೋವಿನ ಅತ್ತೆ ಆದಮ್ಮ. ಇವೆಲ್ಲ ಮುಗಿದು ಉಳಿದ ಚೂರುಪಾರು ಹೊತ್ತಿನಲ್ಲಿ ಏಳು ವರ್ಷ ಕೂತು ಬರೆದಿದ್ದಳು. ಭರತನ ಹೆಂಡತಿ ಮಾಂಡವಿಯ ಕಥೆ.

ಅಣ್ಣ ಕಾಡಿಗೆ ಹೋದನೆಂದು ಭರತ ಊರ ಪಕ್ಕದ ನಂದಿಗ್ರಾಮದಲ್ಲಿ ಪಾದುಕೆ ಇಟ್ಟುಕೊಂಡು ಕೂತ. ಹದಿನಾಲ್ಕು ವರ್ಷ ಮನೆಯ ಹೊಸ್ತಿಲು ತುಳಿಯಲಿಲ್ಲ. ಆಹಾ, ಎಂಥ ತ್ಯಾಗ ಎಂದು ಲೋಕವೇ ಕೊಂಡಾಡಿತು. ಮನೆಯಲ್ಲಿ ಮೂವರು ಅತ್ತೆಯರ ಚಾಕರಿ ಮಾಡಿದವಳು ಯಾರು? ಯಾರಾದರೂ ಕೇಳಿದರೇ? ಸೂಗಮ್ಮನ ಸಿಟ್ಟೆಲ್ಲ ಅದೇ. ಅವಳ ಗಂಡ ಕನಕರಾಯನೂ ಹನ್ನೊಂದು ವರ್ಷ ಸಿಂಧನೂರಿನಲ್ಲಿ ಕಾಲುವೆ ಇಲಾಖೆಯ ಕ್ವಾರ್ಟರ್ಸಿನಲ್ಲಿದ್ದ. ಬಸ್ಸಿಗೆ ತಾಸಿನ ದಾರಿ; ಬರುತ್ತಿದ್ದುದು ತಿಂಗಳಿಗೊಮ್ಮೆ. ತೊಂಬತ್ತೆರಡರಲ್ಲಿ ಮಸ್ಕಿಗೇ ವರ್ಗವಾಗಿ ಬಂದಾಗ "ಅಂತೂ ನಿನ್ನ ಪುಣ್ಯ ತೆರೀತು ನೋಡವಾ" ಎಂದು ಓಣಿಯವರೆಲ್ಲ ಹೇಳಿದರು. ಅವಳಿಗೆ ಖುಷಿಯಾಗಲಿಲ್ಲ. ದಣಿವಾಗಿತ್ತು.

ತೊಂಬತ್ಮೂರನೇ ಇಸವಿಯಲ್ಲಿ, ಅಚ್ಚಿಗೆ ಕಳಿಸುವ ಮೊದಲು ಒಬ್ಬರಿಗಾದರೂ ಓದಿ ಹೇಳಬೇಕೆನಿಸಿತು. ಸಿಕ್ಕವಳು ಆದಮ್ಮ. ಅಕ್ಷರ ಬಾರದಿದ್ದರೂ ಹನುಮಪ್ಪನ ಗುಡಿಯಲ್ಲಿ ನಲವತ್ತು ಶ್ರಾವಣ ಪುರಾಣ ಕೇಳಿದಾಕೆ. ಸೂಗಮ್ಮ ಮಾಡಿದ ತಪ್ಪು ಒಂದೇ: ಅರ್ಧ ದಿನ ರಜೆ ಸಿಗುತ್ತದೆಂದು ಶ್ರಾವಣ ಸೋಮವಾರಗಳಂದು ಓದಿದಳು. ಮುದುಕಿಗೆ ಅದು ಪುರಾಣವೇ ಆಗಿಬಿಟ್ಟಿತು. ತಲೆ ತುಂಬ ಸೆರಗು ಹೊದ್ದು, ನೋಟ್‌ಬುಕ್ಕಿಗೆ ವಿಭೂತಿ ಹಚ್ಚಿ ಉಪವಾಸ ಕೂತಳು. ಓದಿ ಮಂಗಳವಾಗುವ ತನಕ ಬಾಯಿಗೆ ಹನಿ ನೀರೂ ಇಲ್ಲ.

ಕೊನೆಯ ಸೋಮವಾರ, ಕೊನೆಯ ಅಧ್ಯಾಯ. ಭರತ ಅರಮನೆಗೆ ಮರಳಿದ. ಮಾಂಡವಿ ಆರತಿ ಹಿಡಿದು ಬರಲೆಂದು ಎಲ್ಲರೂ ಬಾಗಿಲ ಮುಂದೆ ನಿಂತರು. "ನನಗೆ ಸಾಕಾಗಿದೆ" ಎಂದಳು ಮಾಂಡವಿ ಒಳಗಿನಿಂದ. ಬಾಗಿಲು ತೆಗೆಯಲಿಲ್ಲ. ಸೂಗಮ್ಮ ನೋಟ್‌ಬುಕ್ ಮುಚ್ಚಿದಳು.

"ಮುಂದ?" ಎಂದಳು ಆದಮ್ಮ.

"ಮುಗೀತ್ರಿ ಅತ್ತಿ."

"ಹಂಗ್ಯಾಂಗ ಮುಗೀತದ? ಬಾಗಿಲಾ ಹಾಕಿದ ಮನಿ ಮುಂದ ಪುರಾಣ ನಿಂದರಸ್ತಾರೇನು? ಮನಿಗೆ ಚಲೋ ಅಲ್ಲ. ಗಂಡಾ ಹೆಂಡ್ತಿನ್ನ ಕೂಡಿಸಿ ಮಂಗಳ ಮಾಡು."

"ಇದು ಪುರಾಣ ಅಲ್ರಿ. ನಾ ಬರದದ್ದು."

"ಯಾರರ ಬರದಿರ್ಲಿ. ಮಂಗಳ ಆಗದ ನಾ ಉಣ್ಣಾಕಿ ಅಲ್ಲ."

ಮೂರು ಗಂಟೆಯಾಯಿತು, ಐದಾಯಿತು. ಎಪ್ಪತ್ತು ದಾಟಿದ ಮುದುಕಿ ಗೋಡೆಗೆ ಒರಗಿ ಕೂತೇ ಇದ್ದಳು, ತುಟಿ ಒಣಗಿತ್ತು. ಕೆಲಸದಿಂದ ಬಂದ ಕನಕರಾಯ ಹೆಂಡತಿಯ ಮೇಲೆ ಹರಿಹಾಯ್ದ. "ಎರಡು ಸಾಲು ಬಾಯಿಲೆ ಹೇಳಿದ್ರ ನಿನ್ನ ಗಂಟೇನು ಹೋಗ್ತದ? ಅವ್ವ ಹಸ್ತು ಸಾಯ್ಲೇನು?"

ಹೋಗುವ ಗಂಟು ಯಾವುದೆಂದು ಅವನಿಗೆ ಹೇಗೆ ಹೇಳುವುದು? ಇಷ್ಟು ವರ್ಷದ ಸಂಸಾರದಲ್ಲಿ ಅವಳದೇ ಎಂದು ಇದ್ದದ್ದು ಮುಚ್ಚಿದ ಆ ಬಾಗಿಲೊಂದೇ. ಅದನ್ನೂ ಇವರಿಗೆ ತೆಗೆದುಕೊಡಬೇಕೆ? ಸೂಗಮ್ಮನಿಗೆ ಅಳು ಬಂತು. ಆದರೆ ಮುದುಕಿ ಇನ್ನೂ ಹನಿ ನೀರು ಮುಟ್ಟಿರಲಿಲ್ಲ. ನೋಟ್‌ಬುಕ್ ತೆರೆದು, ಸೂಗಮ್ಮ ಖಾಲಿ ಹಾಳೆ ನೋಡುತ್ತ ಓದಿದಂತೆ ಹೇಳಿದಳು: "ಮಾಂಡವಿ ಬಾಗಿಲು ತೆಗೆದಳು. ಆರತಿ ಬೆಳಗಿದಳು. ಎಲ್ಲರೂ ಸುಖವಾಗಿದ್ದರು."

ಆದಮ್ಮ ಕೈಮುಗಿದು, ಮೆಲ್ಲಗೆ ಎದ್ದು ಕರ್ಪೂರ ಬೆಳಗಿದಳು. ಕನಕರಾಯ ನಿರಾಳವಾಗಿ ಚಹಾ ಕುಡಿಯಲು ಹೊರಗೆ ಹೋದ. ಸೂಗಮ್ಮ ರೊಟ್ಟಿ, ಪುಂಡಿಪಲ್ಯ ಹಾಕಿ ತಂದಿಟ್ಟಳು.

ಎರಡು ತುತ್ತು ಉಂಡ ಮೇಲೆ ಮುದುಕಿ ಕೇಳಿದಳು: "ಆ ಹಾಳ್ಯಾಗ ಏನೂ ಬರದಿದ್ದಿಲ್ಲ, ಹೌದಿಲ್ಲೋ?"

"ಹೌದ್ರಿ" ಎಂದು ಸೂಗಮ್ಮ ಇನ್ನೊಂದು ರೊಟ್ಟಿ ಹಾಕಿದಳು.

"ನಿನ್ನ ಮಾವ ಹೇಳದ ಕೇಳದ ಹೋದಾಂವ, ಆರು ವರ್ಷಕ್ಕ ಬಂದು ಬಾಗಿಲಾ ಬಡದ. ಮಂದಿ ಏನಂದಾರು ಅಂತ ತಗದೆ. ಮನಸ್ಸಿದ್ದಿಲ್ಲ." ಆದಮ್ಮ ನೀರು ಕುಡಿದು ಚಂಬು ಕೆಳಗಿಟ್ಟಳು. "ಮಂಗಳ ಆತು, ನನ್ನ ಹೊಟ್ಟೀನೂ ತುಂಬ್ತು. ಅಚ್ಚು ಹಾಕಿಸೂವಾಗ ಮಾತ್ರ ಆ ಬಾಗಿಲಾ ತಗೀಬ್ಯಾಡ ನೀ."