ಕಲ್ಲಿನ ಬೂಟಿನ ಗಂಟು

ದೋಹಾದ ವೆಸ್ಟ್ ಬೇಯ ಹೋಟೆಲೊಂದರ ಲಾಬಿಗೆ ಬೆಳಕು ಇನ್ನೂ ಪೂರ್ತಿ ಇಳಿದಿಲ್ಲ. ಮಾರ್ಬಲ್ ಪಾಲಿಶ್ ಮಾಡುವ ಪಕೀರಬ್ಬ ಗ್ರೈಂಡರ್ ಹಿಡಿದು ದಂಗಾಗಿ ನಿಂತಿದ್ದಾರೆ. ಎದುರಿಗೆ ಬಿಳಿ ಅಮೃತಶಿಲೆಯ ತಾಯಿ; ಮಡಿಲಲ್ಲಿ ಸತ್ತ ಮಗ. ಮಗನ ಕಾಲಲ್ಲಿ ಸೈಟಿನ ಬೂಟು. ಅದನ್ನು ಉಜ್ಜಿ ಬರಿಗಾಲು ಮಾಡಬೇಕೆಂದು ಈಗಷ್ಟೇ ಅಪ್ಪಣೆಯಾಗಿದೆ.

ಐನೂರು ವರ್ಷಗಳ ಹಿಂದೆ ಇಟಲಿಯಲ್ಲಿ ಇಂಥದೇ ಶಿಲ್ಪದಲ್ಲಿ ಕೆತ್ತಿದ್ದು ಶಿಲುಬೆಯಿಂದ ಇಳಿಸಿದ ಯೇಸುವನ್ನು, ಮೇರಿಯ ಮಡಿಲನ್ನು. ಆಮೇಲೆ ಎಷ್ಟೋ ಕಲಾವಿದರು ಅದೇ ಮಡಿಲಿಗೆ ತಮ್ಮ ಕಾಲದ ಸತ್ತವರನ್ನು ತಂದು ಮಲಗಿಸಿದರು. ದೋಹಾದಲ್ಲೇ ಬೆಳೆದ ಶಿಲ್ಪಿ ಮೋಕ್ಷಾ ಮಲಗಿಸಿದ್ದು ಕಟ್ಟಡ ಕೂಲಿಯನ್ನು. ಬೂಟಿಗೆ ಕಲ್ಲಿನ ಲೇಸು, ಲೇಸಿಗೊಂದು ಬಿಗಿ ಗಂಟು.

ಉಳ್ಳಾಲದ ಪಕೀರಬ್ಬ ಇಲ್ಲಿಗೆ ಬಂದು ಇಪ್ಪತ್ತಾರು ವರ್ಷ. ರಜೆಯ ದಿನ ಅವರಿಗೆ ಸಂಬಳವಿಲ್ಲದ ಇನ್ನೊಂದು ಕೆಲಸವಿದೆ: ದಿಕ್ಕಿಲ್ಲದೆ ಸತ್ತ ಮುಸ್ಲಿಂ ಕೂಲಿಗಳ ಮಯ್ಯತ್ತಿಗೆ ಕೊನೆಯ ಸ್ನಾನ ಮಾಡಿಸುವುದು. ಸೈಟಿನಿಂದ ಬಂದ ಹೆಣದ ಕಾಲಲ್ಲಿ ಎಷ್ಟೋ ಸಲ ಬೂಟು ಹಾಗೇ ಇರುತ್ತದೆ.

"ಕತ್ತರಿ ಹಾಕುವವರು ಹಾಕಲಿ. ನಾನು ಬೆರಳಲ್ಲೇ ಬಿಚ್ಚುವುದು. ಬೆಳಿಗ್ಗೆ ಆ ಮಕ್ಕಳೇ ಕಟ್ಟಿದ ಗಂಟಲ್ವಾ? ಸಂಜೆ ಬಿಚ್ಚಬೇಕು ಅಂತಲೇ ಕಟ್ಟಿದ್ದು," ಎನ್ನುವುದು ಪಕೀರಬ್ಬರ ಯಾವತ್ತಿನ ಮಾತು.

ಮ್ಯಾನೇಜರ್ ಸುಶಾಂತ್, ಮಂಗಳೂರಿನವರೇ, ಓಡೋಡಿ ಬರುತ್ತಾರೆ. "ಎಂತ ಪಕೀರಾಕ, ಇನ್ನೂ ಶುರು ಮಾಡ್ಲಿಲ್ವಾ? ಗೆಸ್ಟ್‌ಗಳು ಚಾ ಕುಡಿಯುವಲ್ಲಿ ಹೆಣದ ಬೂಟು ಯಾಕೆ ಮಾರಾಯ್ರೆ? ಇಟಲಿಯದ್ದರಲ್ಲಿ ಬರಿಗಾಲೇ ಉಂಟಲ್ಲ!"

"ಆ ಬರಿಗಾಲಿನವರು ನಮ್ಮ ಸೈಟಿಗೆ ಕೆಲಸಕ್ಕೆ ಬಂದವರಲ್ಲ ಸಾರ್."

"ಜೋಕ್ ಬೇಡ. ಯಲ್ಲಾ, ಬೇಗ ಬೇಗ, ಗಂಟೆ ಎಂಟರೊಳಗೆ ಖಲಾಸ್ ಆಗ್ಬೇಕು. ಇಲ್ಲದಿದ್ರೆ ನಾಳೆಯಿಂದ ನಿಮಗೆ ಡ್ಯೂಟಿ ಮಾಫಿ, ಕೆಲಸವೇ ಇಲ್ಲ."

ಎಂಥ ಮಾತಿದು! ಈ ಹೋಟೆಲಿನ ಗೋಪುರ ಎಬ್ಬಿಸಿದವನ ಬೂಟು ಗೋಪುರದೊಳಗೆ ಕಾಣಬಾರದಂತೆ. ಬದುಕಿದ್ದಾಗ ಹಿಂಬಾಗಿಲು ತೋರಿಸಿದರು. ಸತ್ತು ಕಲ್ಲಾದ ಮೇಲೆ ಗ್ರೈಂಡರ್ ತೋರಿಸುತ್ತಿದ್ದಾರೆ.

ಪಕೀರಬ್ಬ ಗ್ರೈಂಡರಿನ ಪ್ಲಗ್ ಕೀಳುತ್ತಾರೆ. ವಯರನ್ನು ನಿಧಾನಕ್ಕೆ ಸುತ್ತಿ ಗ್ರೈಂಡರನ್ನು ಸುಶಾಂತ್ ಅವರ ಕಾಲ ಬಳಿ ಇಡುತ್ತಾರೆ. ಕೆಲಸ ಹೋದರೆ ವೀಸಾವೂ ಹೋಗುತ್ತದೆ, ಅವರಿಗೆ ಗೊತ್ತು. ಆದರೂ ಒದ್ದೆ ಬಟ್ಟೆ ಎತ್ತಿಕೊಂಡು, ಮಯ್ಯತ್ತಿನ ಸ್ನಾನದಂತೆಯೇ ಬಲಗಾಲಿನಿಂದ ಶುರು ಮಾಡಿ, ಬೂಟಿನ ಧೂಳು ಒರೆಸುತ್ತಾರೆ.

"ನನಗೆ ದೊಡ್ಡ ಆಸೆ ಎಂತದೂ ಇಲ್ಲ," ಎನ್ನುತ್ತಾರೆ, ಗಂಟಿನ ಮೇಲೆ ಬೆರಳಿಟ್ಟು. "ಬಿಚ್ಚುವವರು ಬರುವವರೆಗೆ ಇವನ ಬೂಟು ಇವನ ಕಾಲಲ್ಲೇ ಇರಲಿ."